ಕೈ ಕೇಳದೆ ಕೂಗಿದ ಹದ

ನಮ್ಮ ಮನೆಯಲ್ಲಿ ಒಂದು ಮಾತು ಸತ್ತುಹೋಗಿತ್ತು. ಅದನ್ನು ಆಡಬೇಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಆದರೂ ಅಪ್ಪ ಆಡುತ್ತಿರಲಿಲ್ಲ, ಅವ್ವ ಆಡುತ್ತಿರಲಿಲ್ಲ. ಬೇರೆ ಮನೆಯ ಹೆಂಗಸರು ಮುದ್ದೆ ತಿರುವುತ್ತ 'ಹದ ಬಂತು' ಅನ್ನುವ ಹೊತ್ತಿಗೆ ನಮ್ಮವ್ವ 'ಆಯ್ತು' ಅಂದು ಮಡಕೆ ಇಳಿಸುತ್ತಿದ್ದಳು. ಮಳೆ ಬಿದ್ದ ಮಾರನೆಯ ದಿನ ಎಲ್ಲರೂ 'ಹೊಲ ಹದವಾಗೈತೆ' ಎಂದು ನೇಗಿಲು ಹೊತ್ತು ಹೊರಟರೆ, ಅಪ್ಪ 'ಇವತ್ತು ಹೂಡಬೋದು' ಅನ್ನುತ್ತಿದ್ದ. ಹದ ಅನ್ನುವ ಎರಡಕ್ಷರವನ್ನು ನಮ್ಮ ಮನೆಯಲ್ಲಿ ಕೊಂದವಳು ನಾನು. ಆಗ ನನಗೆ ಹದಿನೈದು ವರ್ಷ.

ಸಾಲಿಗ್ರಾಮಕ್ಕೆ ಹತ್ತಿರದ ಊರು ನಮ್ಮದು. ನಾಲೆ ನೀರು, ಭತ್ತ, ಕಬ್ಬು. ಕಬ್ಬು ಕಡಿಯುವ ಕಾಲಕ್ಕೆ ಊರಾಚೆ ನಮ್ಮದೊಂದು ಆಲೆಮನೆ ನಡೆಯುತ್ತಿತ್ತು. ತಗಡಿನ ಚಪ್ಪರ, ಒಂದು ಗಾಣ, ಕಬ್ಬಿನ ಸಿಪ್ಪೆ ಉರಿಸುವ ಉದ್ದನೆಯ ಒಲೆ, ಒಲೆಯ ಮೇಲೆ ನಾಲ್ಕಾಳು ಹಿಡಿಯುವಷ್ಟು ಅಗಲದ ಕೊಪ್ಪರಿಗೆ, ಪಕ್ಕದಲ್ಲಿ ಪಾಕ ಸುರಿಯುವ ತೊಟ್ಟಿ. ಅಪ್ಪ ಅಲ್ಲಿ ಹದ ನೋಡುವವನು. ಬೆಲ್ಲದ ಕೆಲಸದಲ್ಲಿ ಉಳಿದದ್ದನ್ನೆಲ್ಲ ಯಾರು ಬೇಕಾದರೂ ಮಾಡಬಹುದು. ಕಬ್ಬಿನ ಹಾಲು ಕುದಿಸಬಹುದು, ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯಬಹುದು. ಆದರೆ ಪಾಕ ಯಾವ ಗಳಿಗೆಯಲ್ಲಿ ಒಲೆ ಬಿಡಬೇಕು ಅನ್ನುವುದನ್ನು ಒಬ್ಬನೇ ಹೇಳಬೇಕು. ಒಂದು ಚೂರು ಮುಂಚೆ ಇಳಿಸಿದರೆ ಅಚ್ಚಿನಲ್ಲಿ ಬೆಲ್ಲ ನಿಲ್ಲುವುದಿಲ್ಲ, ಕಣ್ಣೀರು ಹಾಕುತ್ತ ಕೂತುಬಿಡುತ್ತದೆ. ಒಂದು ಚೂರು ತಡವಾದರೆ ಕಪ್ಪಗೆ ಸೀದು ಕಹಿಯಾಗುತ್ತದೆ. ಅಪ್ಪ ಕೋಲಿನ ತುದಿಯಲ್ಲಿ ಪಾಕ ಎತ್ತಿ ತಣ್ಣೀರಿನ ಬಟ್ಟಲಿಗೆ ಬಿಡುತ್ತಿದ್ದ. ನೀರಿನೊಳಗೇ ಅದನ್ನು ಬೆರಳಲ್ಲಿ ಉಂಡೆ ಮಾಡಿ ಬಟ್ಟಲಿನ ಅಂಚಿಗೆ ಹೊಡೆಯುತ್ತಿದ್ದ. ಟಕ್ ಅಂದರೆ ಹದ.

ಆದರೆ ಟಕ್ ಅಂದ ತಕ್ಷಣ ಅಪ್ಪ ಆ ಮಾತನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮ ಆಲೆಮನೆಯ ಕ್ರಮವೇ ಬೇರೆ. ಪಾಕ ಹದಕ್ಕೆ ಬರುವ ಹೊತ್ತಿಗೆ ಚಪ್ಪರದ ತುಂಬ ಹಬೆ. ಎದುರಿಗೆ ನಿಂತವರ ಮುಖ ಕಂಡರೆ ಕೈ ಕಾಣುತ್ತಿರಲಿಲ್ಲ. ಅದಕ್ಕೇ ಅಪ್ಪ ಮೊದಲು 'ಕೈ?' ಎಂದು ಕೇಳುತ್ತಿದ್ದ. ಕೊಪ್ಪರಿಗೆ ಎತ್ತುವ ಗಳ ಹಿಡಿದು ನಿಂತವರು, ತೊಟ್ಟಿಯ ಹತ್ತಿರ ಇದ್ದವರು, ಒಲೆಗೆ ಸಿಪ್ಪೆ ದೂಡುವವನು, ಎಲ್ಲರೂ ಒಬ್ಬೊಬ್ಬರಾಗಿ 'ಇಲ್ಲೈತೆ' ಅನ್ನಬೇಕು. ಎಲ್ಲರ ಕೈಯೂ ಅವರವರ ಹತ್ತಿರವೇ ಇದೆ ಎಂದು ಗೊತ್ತಾದ ಮೇಲೆ ಅಪ್ಪ 'ಹದ!' ಎಂದು ಕೂಗುತ್ತಿದ್ದ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದೇ ಅಪರೂಪ, ಆದರೆ ಈ ಒಂದು ಮಾತಿಗೆ ಅಪ್ಪ ಹೊಟ್ಟೆಯೊಳಗಿಂದ ಉಸಿರೆಳೆದು ತರುತ್ತಿದ್ದ. ಆ ಕೂಗು ಕೇಳಿದ ಮೇಲೆ ಯಾರೂ ಏನನ್ನೂ ನೋಡುವಂತಿಲ್ಲ, ಕೇಳುವಂತಿಲ್ಲ. ಕೊಪ್ಪರಿಗೆ ಎತ್ತಿ ಬಗ್ಗಿಸಬೇಕು, ಅಷ್ಟೆ. ಅರೆಗಳಿಗೆ ಯೋಚನೆ ಮಾಡಿದರೂ ಪಾಕ ಕೆಡುತ್ತದೆ. ಹಾಗಾಗಿ ಆ ಚಪ್ಪರದ ಕೆಳಗೆ ಇನ್ನೊಬ್ಬರು ತಮಾಷೆಗೂ ಹದ ಅನ್ನುತ್ತಿರಲಿಲ್ಲ.

ಅಪ್ಪನಿಗೆ ನಾನೆಂದರೆ ಜೀವ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಹೆಣ್ಣುಮಗಳು ಒಲೆಯ ಮುಂದೆ ಏನು ಮಾಡುತ್ತಾಳೆ ಎಂದು ಅವ್ವ ಗೊಣಗಿದರೂ ಕೇಳದೆ ದಿನಾ ಕರೆದುಕೊಂಡು ಹೋಗುತ್ತಿದ್ದ. ಕೋಲಿನ ತುದಿಯಿಂದ ಪಾಕ ಎಳೆ ಎಳೆಯಾಗಿ ಇಳಿಯುವಾಗ ನನ್ನ ಕಿವಿಯ ಹತ್ತಿರ ಬಗ್ಗಿ 'ಏನಂತೀ ಮಗಾ?' ಅನ್ನುತ್ತಿದ್ದ. ನಾನು ಪಿಸುಗುಟ್ಟುತ್ತಿದ್ದೆ. 'ಇನ್ನೂ ಇಲ್ಲ.' 'ಈಗ?' 'ಹೂಂ, ಈಗ.' ಅವನು ನಗುತ್ತಿದ್ದ. ಕೆಲವೊಮ್ಮೆ 'ಒಸಿ ತಡ್ಕೊ' ಅನ್ನುತ್ತಿದ್ದ. ಬರಬರುತ್ತ ಆ ಮಾತು ಕಡಿಮೆಯಾಯಿತು. ನಾನು ಕಲಿತುಬಿಟ್ಟೆ ಅಂದುಕೊಂಡೆ. ನನಗೋ ಹುಟ್ಟಿದಾಗಿನಿಂದ ಅವಸರ, ಕೋಪ ಮೂಗಿನ ತುದಿಯಲ್ಲೇ. ಅದರ ಮೇಲೆ ಈ ಜಂಭ ಬೇರೆ.

ಆ ದಿನ ಮಧ್ಯಾಹ್ನ ಅಪ್ಪ ಎರಡು ಸಲ ಉಂಡೆ ಮಾಡಿ ನೋಡಿದ. ಎರಡು ಸಲವೂ ಬಟ್ಟಲಿಗೆ ಹೊಡೆದಾಗ ಮೆತ್ತಗಿತ್ತು. ಕೋಲನ್ನು ನನ್ನ ಕೈಗೆ ಕೊಟ್ಟು ತೊಟ್ಟಿಯ ಕಡೆ ಹೋದ. ಒದ್ದೆ ಬಟ್ಟೆಯಲ್ಲಿ ತೊಟ್ಟಿಯ ತಳ ಒರೆಸುವುದು ಬೇರೆಯವರ ಕೆಲಸ. ಅವತ್ತು ಆ ಆಳು ಬಂದಿರಲಿಲ್ಲ. ನಾನು ಕೋಲು ಅದ್ದಿ ಎತ್ತಿದೆ. ಎಳೆ ಸಣ್ಣಗಾಯಿತು, ನಿಂತಿತು, ಹೊಳೆಯಿತು. ಬಟ್ಟಲಿಗೆ ಬಿಟ್ಟು ಹಿಸುಕಿದೆ. ಗಟ್ಟಿ! ಅಪ್ಪನ ಕಡೆ ನೋಡಿದರೆ ಹಬೆ. ಪಾಕದ ಬಣ್ಣ ತಿರುಗುತ್ತಿದೆ ಅನ್ನಿಸಿತು. ಅಯ್ಯೋ, ಇವನು ಇನ್ನೂ ಬರಲಿಲ್ಲವಲ್ಲ, ಸೀದುಹೋಗುತ್ತದಲ್ಲ ಎಂದು ಜೀವ ಬಾಯಿಗೆ ಬಂತು. ಅಪ್ಪ ಎಳೆಯುತ್ತಿದ್ದ ಹಾಗೆಯೇ ಹೊಟ್ಟೆಯಿಂದ ಉಸಿರೆಳೆದು ಕೂಗಿದೆ.

'ಹದ!'

ಕೈ ಕೇಳಲಿಲ್ಲ. ಮೊದಲು ಕೇಳಬೇಕಾದ್ದು ಅದೊಂದೇ ಇತ್ತು, ಅದನ್ನು ಕೇಳಲಿಲ್ಲ. ಗಳ ಹಿಡಿದವರು ಕಲಿತದ್ದನ್ನು ಮಾಡಿದರು. ಕೊಪ್ಪರಿಗೆ ಎದ್ದಿತು, ಬಗ್ಗಿತು. ಅಪ್ಪನ ಬಲಗೈ ಇನ್ನೂ ತೊಟ್ಟಿಯ ತಳದಲ್ಲಿತ್ತು.

ಅಪ್ಪ ಕಿರುಚಲಿಲ್ಲ. ನಾನೇ ಕಿರುಚಿದ್ದು. ಅವನು ಕೈಯನ್ನು ನೀರಿನ ಬಾನಿಗೆ ತುರುಕಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಯಾರೋ ಸೈಕಲ್ಲು ಹತ್ತಿ ಜೀಪು ತರಲು ಓಡಿದರು, ಯಾರೋ ಬಾಳೆಎಲೆ ತಂದರು. ನಾನು ಕೋಲು ಹಿಡಿದುಕೊಂಡೇ ಇದ್ದೆ. ಅವರು ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋದರು. ಮಾರನೆಯ ದಿನ ಸೋದರಮಾವ ಬಂದು ನನ್ನನ್ನು ಕೆ.ಆರ್. ನಗರದ ತಮ್ಮ ಮನೆಗೆ ಕರೆದೊಯ್ದರು. ಅಪ್ಪ ಒಂದು ತಿಂಗಳು ಬಿಟ್ಟು ಊರಿಗೆ ಬಂದಾಗ ಅವನ ಬಲಗೈಯಲ್ಲಿ ಮೂರು ಬೆರಳು ಉಳಿದಿದ್ದವು. ಅಂಗೈ ನುಣ್ಣಗೆ, ಗೆರೆಯಿಲ್ಲದೆ, ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಬಿಸಿ ತಣ್ಣಗೆ ಗೊತ್ತಾಗುತ್ತಿರಲಿಲ್ಲ. ಮುಂದಿನ ಸಲ ಕಬ್ಬು ಕಡಿಯುವ ಹೊತ್ತಿಗೆ ಆಲೆಮನೆಯ ತಗಡು ಬಿಚ್ಚಿದ್ದರು.

ಯಾರೂ ನನ್ನನ್ನು ಬಯ್ಯಲಿಲ್ಲ. ಒಂದು ಏಟು ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅವ್ವ ನನ್ನ ತಲೆ ಬಾಚುವಾಗ ಸುಮ್ಮನೆ ಎರಡು ಸಲ ಜಾಸ್ತಿ ಬಾಚುತ್ತಿದ್ದಳು. ಅಪ್ಪ ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಕಲಿತ. ಅವನು ಉಣ್ಣಲು ಕೂತಾಗಲೆಲ್ಲ ನಾನು ನೀರಿನ ನೆಪ ಮಾಡಿ ಎದ್ದುಹೋಗುತ್ತಿದ್ದೆ.

ಈಗ ಒಂದು ಮಾತು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆ ಕೈ ನೋಡಿದಾಗಲೆಲ್ಲ ನನ್ನನ್ನು ನಾನೇ ಶಪಿಸಿಕೊಳ್ಳುತ್ತಿದ್ದೆ, ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದು ಮಾತು ಕೂತಿತ್ತು. ಹದ ಮಾತ್ರ ಸರಿಯಾಗಿತ್ತು. ನಾನು ತಪ್ಪಿದ್ದು ಕೈ ಕೇಳದೆ ಇದ್ದದ್ದರಲ್ಲಿ, ಹದದಲ್ಲಿ ಅಲ್ಲ. ಎಳೆ ನಿಂತದ್ದನ್ನು ಈ ಕಣ್ಣಾರೆ ಕಂಡಿದ್ದೆ. ಅದೊಂದನ್ನು ಅಪ್ಪ ತನ್ನ ಬಾಯಲ್ಲಿ ಹೇಳಿಬಿಟ್ಟರೆ ಸಾಕು, ಬದುಕಿಕೊಳ್ಳುತ್ತೇನೆ ಅನ್ನಿಸುತ್ತಿತ್ತು. ಕೇಳುವ ಧೈರ್ಯ ಎಲ್ಲಿಂದ ತರಲಿ? ಕೈ ಸುಟ್ಟುಕೊಂಡವನ ಮುಂದೆ ನಿಂತು, ಅಪ್ಪಾ, ನಾನು ಹೇಳಿದ್ದು ಸರಿಯಾಗಿತ್ತು ತಾನೆ ಎಂದು ಕೇಳುವವಳು ಎಂಥ ಮಗಳು? ಆ ದಿನದ ಬೆಲ್ಲ ಏನಾಯಿತೆಂದು ನಾನು ನೋಡಲಿಲ್ಲ, ಯಾರೂ ಹೇಳಲಿಲ್ಲ.

ಓದಿದೆ, ಟಿಸಿಎಚ್ ಮಾಡಿದೆ, ಪ್ರೈಮರಿ ಶಾಲೆಯ ಮೇಡಂ ಆದೆ. ಆಲೆಮನೆ ಬಿಟ್ಟೆ, ಆ ಮಾತನ್ನೂ ಬಿಟ್ಟೆ ಅಂದುಕೊಂಡಿದ್ದೆ. ನನ್ನ ಹುಚ್ಚು! ನಮ್ಮ ಜಿಲ್ಲೆಯಲ್ಲಿ ನಾನು ಬಾಳಿದ ನಾಲ್ಕು ತಾಲ್ಲೂಕುಗಳಲ್ಲಿ ಕೈಯಲ್ಲಿ ಕೆಲಸ ಮಾಡುವ ಒಬ್ಬರಾದರೂ ಆ ಮಾತಿಲ್ಲದೆ ದಿನ ಕಳೆಯುತ್ತಾರೆಯೇ? ಮೊದಲ ನೌಕರಿ ಪಿರಿಯಾಪಟ್ಟಣದ ಕಡೆ ಒಂದು ಊರಿನಲ್ಲಿ. ಶಾಲೆಯ ಬೇಲಿಯಾಚೆಯೇ ಹೊಲ. ಮಳೆ ಬಿದ್ದ ಮಾರನೆಯ ಬೆಳಗ್ಗೆ ಆ ಹೊಲದ ಮುದುಕ ಒಂದು ಹಿಡಿ ಮಣ್ಣು ಉಂಡೆ ಮಾಡಿ ಸೊಂಟದ ಎತ್ತರದಿಂದ ಕೆಳಕ್ಕೆ ಬಿಟ್ಟ. ಅದು ಒಡೆದು ಚದುರಿತು. 'ಹದ ಸಿಕ್ತು ಕಣ್ರಲಾ!' ಎಂದು ತನ್ನ ಗಂಡುಮಕ್ಕಳನ್ನು ಕೂಗಿದ. ಅಷ್ಟರಲ್ಲಿ ಹಲಗೆಯ ಕಡೆ ತಿರುಗಿದ್ದ ನನ್ನ ಕೈಯ ಸೀಮೆಸುಣ್ಣ ಮುರಿಯಿತು. ತಿರುಗಿ ನೋಡಿದ್ದು ಅವನ ಮುಖವನ್ನಲ್ಲ, ಕೈಯನ್ನು. ಎರಡೂ ಇದ್ದವು. ಮಣ್ಣು ಮೆತ್ತಿಕೊಂಡು ಕೊಡವುತ್ತಿದ್ದ.

ಅಂದಿನಿಂದ ಅದು ನನಗೆ ಅಂಟಿಕೊಂಡಿತು. ಎಲ್ಲೇ ಆ ಮಾತು ಬಿದ್ದರೂ ಮೊದಲು ಸುಟ್ಟ ಸಕ್ಕರೆಯ ವಾಸನೆ, ಆಮೇಲೆ ಹಿಂದಿನಿಂದ ಒಂದು ಕೂಗು. ದೆವ್ವದ್ದಲ್ಲ, ನನ್ನದೇ, ಹದಿನೈದರ ಗಂಟಲಿನದು. ರಸ್ತೆ ಹದಗೆಟ್ಟಿದೆ ಎಂದು ಪತ್ರಿಕೆಯಲ್ಲಿ ಓದಿದರೂ ಪುಟ ತಿರುವಿಬಿಡುತ್ತಿದ್ದೆ. ಏನಾದರೂ ಸುರಿಯುವ ಮೊದಲು 'ಕೈ!' ಎಂದು ಕೂಗುವುದು ರೂಢಿಯಾಯಿತು. ಬಿಸಿಯೂಟದ ಸಾರು ಬಡಿಸುವಾಗ ಕೂಗುತ್ತಿದ್ದೆ, ಚಹಾ ಬಸಿಯುವಾಗ ಕೂಗುತ್ತಿದ್ದೆ. ಮಕ್ಕಳು ನನಗೆ ಕೈ ಮೇಡಂ ಎಂದು ಹೆಸರಿಟ್ಟಿದ್ದು ಗೊತ್ತಾದಾಗ ಸ್ಟಾಫ್‌ರೂಮಿನಲ್ಲಿ ಎಲ್ಲರ ಜೊತೆ ನಾನೂ ನಕ್ಕೆ. ಕೈ ಅನ್ನುತ್ತಿದ್ದೆ, ಮುಂದಿನ ಮಾತು ಅನ್ನುತ್ತಿರಲಿಲ್ಲ.

ಆಮೇಲೆ ಎಚ್.ಡಿ. ಕೋಟೆಯ ಕಡೆಗೆ ವರ್ಗವಾಯಿತು. ಅಲ್ಲಿ ಶಾಲೆಯ ಗೋಡೆಗೆ ಒತ್ತಿಕೊಂಡೇ ಒಂದು ಕುಲುಮೆ. ದಿನವಿಡೀ ಬಡಿತ. ಮಗ್ಗಿ ಹೇಳಿಸಿದರೆ ನನಗೇ ಕೇಳುತ್ತಿರಲಿಲ್ಲ. ಒಂದು ದಿನ ಸಿಟ್ಟು ನೆತ್ತಿಗೇರಿ, ಇವತ್ತು ಇವನ ಗ್ರಹಚಾರ ಬಿಡಿಸುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಹೋದೆ. ಕುಲುಮೆಯವನು ಇಕ್ಕುಳದಲ್ಲಿ ಕೆಂಪಗಿನ ಕುಡುಗೋಲು ಹಿಡಿದಿದ್ದ. 'ಒಂದ್ಗಳಿಗೆ ನಿಂತ್ಕಳಿ ಮೇಡಮ್ಮೋರೆ, ಇದುಕ್ಕೆ ಹದ ಕೊಟ್ಬುಡ್ತೀನಿ' ಅಂದು ಅದನ್ನು ನೀರಿಗೆ ಅದ್ದಿದ. ಚುಂಯ್ ಅಂತು. ಹಬೆ ಎದ್ದಿತು. ನಾನು ಅಲ್ಲೇ ಇದ್ದಿಲು ಚೀಲದ ಮೇಲೆ ಕೂತುಬಿಟ್ಟೆ.

ಅವನ ಹೆಂಡತಿ ಓಡಿಬಂದು ನೀರು ಕೊಟ್ಟಳು. 'ಬಿಸ್ಲು ಕಣ್ರೀ, ಏನೂ ತಿಂದಿಲ್ಲ ಅನ್ಸತ್ತೆ' ಅಂದಳು. ಹೂಂ ಅಂದು ನೀರು ಕುಡಿದೆ. ಅವನು ಕುಡುಗೋಲನ್ನು ನೀರಿನಿಂದ ತೆಗೆದು, ಅಂಚು ಉಜ್ಜಿ, ಮತ್ತೆ ಬೆಂಕಿಯ ಹತ್ತಿರ ಒಯ್ದು ಬಣ್ಣ ನೋಡುತ್ತಿದ್ದ. ಒಣಹುಲ್ಲಿನಂಥ ಬಣ್ಣ ಅಂಚಿನುದ್ದಕ್ಕೂ ಹರಿದು ಬರುವುದು ನನಗೂ ಕಾಣಿಸಿತು. ಜಗಳಕ್ಕೆ ಬಂದದ್ದು ಮರೆತೇಹೋಗಿತ್ತು.

'ಹೆಚ್ಚುಕಮ್ಮಿ ಆದ್ರೆ?' ಅಂದೆ.

'ಹೆಚ್ಚಾದ್ರೆ ಮುರೀತದೆ ಮೇಡಮ್ಮೋರೆ. ಕಲ್ಲಿಗೆ ತಾಕಿದ್ರೆ ಸಾಕು, ಪಟ್ ಅಂತದೆ. ಕಮ್ಮಿ ಆದ್ರೆ ಬಗ್ತದೆ ಅಷ್ಟೆ. ಬಗ್ಗಿದ್ದನ್ನ ತಿರುಗ ಬಡಿಬೋದು.'

ಎಷ್ಟೋ ದಿನ ಆ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ತಿರುಗುತ್ತಿತ್ತು. ನಮ್ಮ ಆಲೆಮನೆಯಲ್ಲಿ ಹದ ಬರುತ್ತಿತ್ತು, ತಾನಾಗಿ, ಮನೆಗೆ ನೆಂಟರು ಬಂದ ಹಾಗೆ. ನಾವು ಬಾಗಿಲಲ್ಲಿ ಕಾಯಬೇಕಿತ್ತು. ಹೊಲದ ಮುದುಕನಿಗೆ ಹದ ಸಿಗುತ್ತಿತ್ತು, ಕೈತಪ್ಪಿದರೆ ಇನ್ನೊಂದು ಮಳೆಯವರೆಗೆ ಇಲ್ಲ. ಕುಲುಮೆಯವನು ಹದ ಕೊಡುತ್ತಿದ್ದ, ತನ್ನ ಕೈಯಿಂದ ಕಬ್ಬಿಣಕ್ಕೆ. ಒಂದೇ ಮಾತು, ಒಬ್ಬೊಬ್ಬರ ಹತ್ತಿರ ಒಂದೊಂದು ಥರ ನಡೆದುಕೊಳ್ಳುತ್ತದೆ. ಎಲ್ಲರ ಹತ್ತಿರವೂ ಸರಿಯಾಗಿಯೇ ಇದೆ, ನನ್ನ ಹತ್ತಿರ ಮಾತ್ರ ಯಾಕೆ ಹಿಂದಿನಿಂದ ಬಂದು ಕೂಗುತ್ತದೆ ಎಂದು ಅಳು ಬರುತ್ತಿತ್ತು.

ಮದುವೆಯಾಗಿ ಬಂದದ್ದು ಹುಣಸೂರು ತಾಲ್ಲೂಕಿಗೆ, ಗುರುಪುರದ ಕಡೆ. ಹೊಗೆಸೊಪ್ಪಿನ ಮನೆ. ದೇವರಿಗೆ ನನ್ನ ಮೇಲೆ ಎಂಥ ಸಿಟ್ಟಿತ್ತೋ! ಹೊಗೆಸೊಪ್ಪಿನ ಬ್ಯಾರನ್ ಅಂದರೆ ಹದ ಮಾಡುವುದಕ್ಕೆಂದೇ ಕಟ್ಟಿದ ಕಟ್ಟಡ. ಕೋಲುಗಳಿಗೆ ಹಸಿ ಸೊಪ್ಪು ಕಟ್ಟಿ ಒಳಗೆ ಸೂರಿನವರೆಗೆ ತೂಗುಹಾಕಿ, ಹೊರಗಿನಿಂದ ಬೆಂಕಿ ಕೊಟ್ಟು, ಮೊದಲು ಹಳದಿಗೆ ತಿರುಗಿಸಿ, ಆಮೇಲೆ ಶಾಖ ಏರಿಸಿ ಒಣಗಿಸಬೇಕು. ಹಳದಿ ತಿರುಗುವ ಮುಂಚೆ ಶಾಖ ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ. ತಡವಾದರೆ ಕಂದುಬಣ್ಣ. ಅತ್ತೆ ದಿನಕ್ಕೆ ಐವತ್ತು ಸಲ ಆ ಮಾತು ಆಡುತ್ತಿದ್ದರು. ಸೊಪ್ಪಿನ ಅಂಟು ಹಿಡಿದು ಅವರ ಅಂಗೈ ಕಪ್ಪಗಾಗಿತ್ತು. ಒಂದು ಎಲೆ ತಂದು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದರು.

'ಬಾರವ್ವ, ಹದ ನೋಡು ಬಾ' ಎಂದು ನನ್ನ ಕೆನ್ನೆಗೂ ಒತ್ತುತ್ತಿದ್ದರು.

'ಆಯ್ತು ಅನ್ಸತ್ತೆ ಅತ್ತೆ.'

'ಆಯ್ತು ಆಯ್ತು ಅಂತೀಯಲ್ಲ, ಅದೇನು ಮದ್ವೆ ಊಟವಾ? ಹದ ಅನ್ನೋಕೆ ನಿಮ್ಮಪ್ಪ ನಾಲ್ಗೆ ಕೊಟ್ಟಿಲ್ವಾ ನಿಂಗೆ?' ಎಂದು ನಗುತ್ತಿದ್ದರು. ಆಮೇಲೆ ಎಲೆಯನ್ನು ಮತ್ತೆ ತಮ್ಮ ಕೆನ್ನೆಗೆ ಒತ್ತಿ 'ಇನ್ನೂ ಒಸಿ ತಡ್ಕೊಬೇಕು, ನಿಂಗೆ ಎಲ್ಲಾದ್ರಲ್ಲೂ ಅವಸರ' ಅನ್ನುತ್ತಿದ್ದರು. ನನ್ನ ಮುದ್ದೆಯಲ್ಲಿ ಯಾವಾಗಲೂ ಒಂದೆರಡು ಹಿಟ್ಟಿನ ಗಂಟು ಉಳಿಯುತ್ತದೆ ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದವರು. ಒಂದು ಸಲ, ನಾನು ಚಹಾ ಸುರಿಯುವ ಮುಂಚೆ 'ಕೈ!' ಅಂದು ಕೂಗಿ ಪಾತ್ರೆ ಕೆಳಗಿಟ್ಟಿದ್ದನ್ನು ನೋಡಿ ಕೂರಿಸಿಕೊಂಡು ಕೇಳಿದರು. ಎಲ್ಲ ಹೇಳಿದೆ. ಆ ನಾಚಿಕೆಗೇಡಿ ಮಾತೊಂದನ್ನು ಬಿಟ್ಟು ಎಲ್ಲ. ಅವರು ಕೇಳಿ, ಸೆರಗಿನಿಂದ ನನ್ನ ಮುಖ ಒರೆಸಿ, ಅಂದಿನಿಂದ ನನ್ನ ಮುಂದೆ ತಾವೂ 'ಆಯ್ತು' ಅನ್ನತೊಡಗಿದರು. ಹೀಗೆ ಇನ್ನೊಂದು ಮನೆಯಲ್ಲೂ ಆ ಮಾತು ನನ್ನಿಂದಲೇ ಸತ್ತಿತು.

ಅತ್ತೆ ಹೋದ ವರ್ಷ ತೀರಿಕೊಂಡರು. ಅವ್ವ ಅದಕ್ಕೂ ಮುಂಚೆಯೇ ಹೋಗಿದ್ದಳು. ಈ ವರ್ಷ ಮಳೆಗಾಲದಲ್ಲಿ ಅತ್ತೆಯಿಲ್ಲದೆ ಮೊದಲ ಬ್ಯಾರನ್ ತುಂಬಿಸಿದೆವು. ನಮ್ಮ ಮನೆಯವರಿಗೆ ಬೆಂಕಿ ಗೊತ್ತು, ಎಲೆ ಗೊತ್ತಿಲ್ಲ. ಅತ್ತೆ ಹೇಳುತ್ತಿದ್ದರು, ಇವರು ಸೌದೆ ದೂಡುತ್ತಿದ್ದರು. ಈಗ ನೀನೇ ನೋಡು ಅಂದರು. ಅದೇ ವಾರ ಅಪ್ಪ ಬಂದ. ಊರಿನಲ್ಲಿ ನನ್ನ ತಮ್ಮನ ಮನೆಯಲ್ಲಿ ನಾಟಿ ಮುಗಿದಿತ್ತು, ಮಗಳನ್ನು ನೋಡಿಕೊಂಡು ಹೋಗುತ್ತೇನೆ ಎಂದು ಬಸ್ಸು ಹತ್ತಿದ್ದ. ಎಪ್ಪತ್ತೈದು ದಾಟಿದೆ, ಬೆನ್ನು ಇನ್ನೂ ನೆಟ್ಟಗಿದೆ. ಮೂರು ಬೆರಳಲ್ಲೇ ಚೀಲ ಸಿಕ್ಕಿಸಿಕೊಂಡು ಬಂದು ಬ್ಯಾರನ್ ಮುಂದಿನ ಕಲ್ಲಿನ ಮೇಲೆ ಕೂತ. ಭಾನುವಾರ, ಮಧ್ಯಾಹ್ನ.

ನಾನು ಒಳಗಿನಿಂದ ಒಂದು ಎಲೆ ತಂದೆ. ಕೆನ್ನೆಗೆ ಒತ್ತಿಕೊಂಡೆ. ಇವರು ಒಲೆಯ ಬಾಯಿಯ ಮುಂದೆ ಸೌದೆ ಹಿಡಿದು ನಿಂತು 'ಏನಂತೀಯ? ಬೆಂಕಿ ಏರ್ಸ್ಲಾ?' ಅಂದರು.

ಏನಂತೀ ಮಗಾ. ಅದೇ ಮಾತು. ಅಪ್ಪ ಅಲ್ಲೇ ಕೂತು ನೋಡುತ್ತಿದ್ದ.

'ಆಯ್ತು... ಅನ್ಸತ್ತೆ.'

'ಅನ್ಸತ್ತೆ ಅಂದ್ರೆ ಹೆಂಗೆ? ಒಂದು ಬ್ಯಾರನ್ ಸೊಪ್ಪು ಐತೆ ಒಳಗೆ. ಹದ ಬಂದಿದ್ರೆ ಬಂದದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು!' ಎಂದು ರೇಗಿದರು. ಮೂವತ್ತು ವರ್ಷದಿಂದ ಅಪ್ಪನ ಮುಂದೆ ನಮ್ಮವರು ಯಾರೂ ಆಡದ ಮಾತು ಅವನ ಮುಂದೆಯೇ ಬಿತ್ತು. ಬೆಲ್ಲದ ವಾಸನೆ ಮೂಗಿಗೆ ಹೊಡೆಯಿತು. ಎಲೆಯನ್ನು ನೆಲಕ್ಕೆ ಎಸೆದು ಅಪ್ಪನ ಕಡೆ ತಿರುಗಿದೆ. ಅಷ್ಟು ವರ್ಷ ನುಂಗಿದ್ದು ಒಂದೇ ಸಲ ಹೊರಗೆ ಬಂತು.

'ಅಪ್ಪಾ, ಅವತ್ತು ಹದ ಸರಿಯಾಗಿತ್ತು ಕಣಪ್ಪಾ! ಎಳೆ ನಿಂತಿತ್ತು, ನಾನು ನೋಡಿದ್ದೆ. ಕೈ ಕೇಳ್ಲಿಲ್ಲ, ಅದು ನನ್ನ ತಪ್ಪು, ಸಾಯೋಗಂಟ ನನ್ನ ತಪ್ಪು. ಆದ್ರೆ ಹದ ಸರಿಯಾಗಿತ್ತು. ಅಷ್ಟಾದ್ರೂ ಹೇಳು.'

ಇವರು ಸೌದೆ ಕೆಳಗಿಟ್ಟರು. ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಅವನ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಆಶ್ಚರ್ಯ.

'ಇರ್ಲಿಲ್ಲ ಕಣ್ಮಗಾ' ಅಂದ.

'ಇರ್ಲಿಲ್ವಾ?'

'ಒಸಿ ಮುಂಚೆ ಕೂಗ್ಬುಟ್ಟೆ. ಅಚ್ಚಲ್ಲಿ ನಿಲ್ಲಲೇ ಇಲ್ಲ ಅದು. ನಿಮ್ಮವ್ವ ಬಾನಿಗೆ ತುಂಬ್ಸಿ ಎಮ್ಮೆಗಾಕುದ್ಲು, ವಾರಗಟ್ಲೆ.'

ಮೂವತ್ತು ವರ್ಷ ಹಿಡಿದುಕೊಂಡಿದ್ದ ಒಂದೇ ಒಂದು ಗಳ ಅದು. ಅದೂ ಹೋಯಿತು. 'ಯಾಕೆ ಹೇಳ್ಲಿಲ್ಲ?' ಅಂದೆ.

'ಯಾವ ಬಾಯಲ್ಲಿ ಹೇಳ್ಲಿ? ಕೈ ಸುಟ್ಟಿದ್ದೊಂದು ನೋವು ಸಾಲ್ದು ಅಂತ ಹದಾನೂ ತಪ್ಪಿದ್ದೆ ಅಂತ ಇನ್ನೊಂದು ಕೊಡ್ಲಾ? ನಿಂಗೆ ಅದುನ್ನ ಕಲ್ಸಿದ್ದು ನಾನು.' ಅಪ್ಪ ಬಲಗೈ ಎತ್ತಿ ಬಿಸಿಲಿಗೆ ಹಿಡಿದ. 'ಇಲ್ ನೋಡು. ಗಟ್ಟಿ ಪಾಕ ಬಿದ್ದಿದ್ರೆ ಮೂಳೆಗಂಟ ಕಚ್ಕೊತಿತ್ತು, ಮುಂಗೈಗೇ ಕತ್ತರ್ಸ್ಬೇಕಿತ್ತು. ಡಾಕ್ಟ್ರು ಅಂಗೇ ಅಂದ್ರು. ನೀರಾಗಿತ್ತು, ಜಾರ್ಕೊಂಡೋಯ್ತು. ನೀನು ಸರಿಯಾಗಿ ಕೂಗಿದ್ರೆ ಈ ಮೂರೂ ಇರ್ತಿರ್ಲಿಲ್ಲ ಮಗಾ.'

ಆ ಮೂರು ಬೆರಳನ್ನು ನಾನು ಅವತ್ತೇ ಮೊದಲ ಸಲ ಸರಿಯಾಗಿ ನೋಡಿದ್ದು. ಇಷ್ಟು ವರ್ಷವೂ ಕಂಡದ್ದು ಇಲ್ಲದ ಎರಡು ಮಾತ್ರ. ಹತ್ತಿರ ಹೋಗಿ ಆ ಕೈಯನ್ನು ಹಿಡಿದುಕೊಂಡೆ. ಅಂಗೈಗೆ ನನ್ನ ಕೈ ಬಿಸಿಯೋ ತಣ್ಣಗೋ ಗೊತ್ತಾಗಿರಲಾರದು, ಆದರೆ ಬೆರಳುಗಳಿಗೆ ಗೊತ್ತಾಯಿತು. ಮೂರೂ ಮಡಚಿಕೊಂಡು ನನ್ನ ಕೈ ಹಿಡಿದವು. ಅಲ್ಲೇ ಕಲ್ಲಿನ ಹತ್ತಿರ ಕೂತು ಹೋ ಎಂದು ಅತ್ತುಬಿಟ್ಟೆ. ಇವರು ಏನು ಮಾಡಬೇಕೋ ತಿಳಿಯದೆ ಟವಲ್ಲು ತಂದು ಕೊಟ್ಟರು.

ಸ್ವಲ್ಪ ಹೊತ್ತಿಗೆ ಅಪ್ಪ 'ಸೊಪ್ಪು ಕಾಯ್ತಾ ಅದೆ, ಎದ್ದೋಗು' ಅಂದ. ಮುಖ ತೊಳೆದುಕೊಂಡು ಒಳಗಿನಿಂದ ಇನ್ನೊಂದು ಎಲೆ ತಂದೆ. ಕೆನ್ನೆಗೆ ಒತ್ತಿಕೊಂಡೆ. ಮೆತ್ತಗಿತ್ತು, ಹಳದಿ ತಿರುಗಿತ್ತು, ನನಗೆ ಹಾಗೆ ಕಂಡಿತು. ಹಿಂದಿನಿಂದ ಹದಿನೈದರ ಆ ಹುಡುಗಿ ಕೂಗಲು ಉಸಿರೆಳೆದುಕೊಳ್ಳುವುದು ಕೇಳಿಸಿತು. ಈ ಸಲ ಅವಳನ್ನು ತಡೆದೆ.

'ಕೈ?' ಅಂದೆ.

'ಇಲ್ಲೇ ಅವೆ ಮಾರಾಯ್ತಿ' ಅಂದರು ಇವರು, ಅಭ್ಯಾಸವಾದವರಂತೆ. ನಾನು ಕಾದೆ. ಕಲ್ಲಿನ ಮೇಲಿಂದ ಅಪ್ಪ ಆ ಕೈಯನ್ನು ತಲೆಯ ಮೇಲಕ್ಕೆ ಎತ್ತಿದ.

'ಇಲ್ಲೈತೆ' ಅಂದ.

'ಹದ' ಅಂದೆ. ಕೂಗಲಿಲ್ಲ, ಹೇಳಿದೆ. ಯಾರೂ ಏನನ್ನೂ ಎತ್ತಿ ಬಗ್ಗಿಸಲಿಲ್ಲ. ಇವರು ಬಗ್ಗಿ ಸೌದೆಯನ್ನು ಒಲೆಯ ಬಾಯಿಗೆ ದೂಡಿದರು.

ಮೂರು ದಿನ ಬಿಟ್ಟು ಬ್ಯಾರನ್ ಬಾಗಿಲು ತೆಗೆದು ಸೊಪ್ಪು ಇಳಿಸಿದೆವು. ಅಪ್ಪ ಇನ್ನೂ ಇದ್ದ. ಕೋಲಿನಿಂದ ಬಿಚ್ಚುತ್ತ ಬಿಚ್ಚುತ್ತ ಇವರ ಮುಖ ಸಣ್ಣಗಾಯಿತು. ಎಲೆಗಳೆಲ್ಲ ಹಳದಿ, ಆದರೆ ಅಂಚಿನಲ್ಲಿ ಒಂದು ಎಳೆಯಷ್ಟು ಹಸಿರು ನಿಂತುಬಿಟ್ಟಿತ್ತು. 'ಒಂದೆರಡು ಗಂಟೆ ತಡ್ಕೊಳ್ಳೋಕೆ ಏನಾಗಿತ್ತು ನಿಂಗೆ? ಅಮ್ಮ ಇದ್ದಿದ್ರೆ ಇಂಗಾಗ್ತಿತ್ತಾ?' ಎಂದು, ನಾನು 'ಆಯ್ತು, ಬುಡಿ' ಅನ್ನುವವರೆಗೂ ಬೈದರು. ನಾನು ಒಂದು ಎಲೆ ತೆಗೆದುಕೊಂಡು ಹೋಗಿ ಅಪ್ಪನ ತೊಡೆಯ ಮೇಲೆ ಇಟ್ಟೆ. ಅವನು ಅದನ್ನು ಮೂರು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಆ ಹಸಿರು ಅಂಚನ್ನು ಬಹಳ ಹೊತ್ತು ನೋಡಿ, 'ಒಸಿ ಮುಂಚೆ ಕಣ್ಮಗಾ' ಎಂದು ನಕ್ಕ.